‘ಅಕ್ರಮ ವಲಸಿಗ’, ‘ದಾಖಲೆರಹಿತ ವಲಸಿಗ’, ‘ನುಸುಳುಕೋರ’: ಯಾವುದು ಎಲ್ಲಿ ಸಲ್ಲುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವಲಸೆ ನೀತಿಯ ಮೇಲಿನ ಪರ-ವಿರೋಧ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಅನುಮತಿಯಿಲ್ಲದೆ ನೆಲೆಸಿದವರನ್ನು ದೇಶ ಹೊರಗೆ ಕಳಿಸಬೇಕೋ, ಉಳಿಸಿಕೊಳ್ಳಬೇಕೋ ಎಂಬುದು ವಾದ. ಒಬ್ಬ ಲೇಖಕರು ಉದ್ದಕ್ಕೂ ‘ಇಲ್ಲೀಗಲ್ ಏಲಿಯನ್’ ಎನ್ನುತ್ತಾರೆ, ಇನ್ನೊಬ್ಬರು ‘ಅನ್‌ಡಾಕ್ಯುಮೆಂಟೆಡ್ ಇಮಿಗ್ರೆಂಟ್’ ಎನ್ನುತ್ತಾರೆ. ಎರಡಕ್ಕೂ ‘ಅಕ್ರಮ ವಲಸಿಗ’ ಎಂದು ಬರೆದರೆ ಜಗಳವಾಡುತ್ತಿರುವ ಇಬ್ಬರ ಬಾಯಲ್ಲೂ ಒಂದೇ ಮಾತು ಇಟ್ಟಂತಾಗುತ್ತದೆ. ‘ದಾಖಲೆರಹಿತ’ ಸರಿಯೇ? ‘ನುಸುಳುಕೋರ’ ಬಳಸಬಹುದೇ? ‘ಡಿಪೋರ್ಟೇಶನ್’ಗೆ ‘ಗಡಿಪಾರು’, ‘ಆಮ್ನೆಸ್ಟಿ’ಗೆ ‘ಕ್ಷಮಾದಾನ’ ಒಪ್ಪುತ್ತವೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

‘ಅಕ್ರಮ’ ಹುಟ್ಟಿನಿಂದ ಸೌಮ್ಯವಾದ ಪದ. ಕ್ರಮ ತಪ್ಪಿದ್ದು ಅಕ್ರಮ, ಅಷ್ಟೇ. 1975ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ 3449ನೆಯ ನಿರ್ಣಯದಲ್ಲಿ ಇಂಥ ಕಾರ್ಮಿಕರನ್ನು ‘ನಾನ್ ಡಾಕ್ಯುಮೆಂಟೆಡ್’ ಅಥವಾ ‘ಇರ್ರೆಗ್ಯುಲರ್’ ಎಂದು ಕರೆಯಬೇಕೆಂದು ಕೇಳಿಕೊಂಡಿತು. ಈ ಎರಡನೆಯದನ್ನು ಬಿಡಿಸಿದರೆ ಸಿಗುವುದು ನಮ್ಮ ‘ಅಕ್ರಮ’ವೇ. ಆದರೆ ಅಕ್ರಮ ಮದ್ಯ, ಅಕ್ರಮ ಗಣಿಗಾರಿಕೆ, ಅಕ್ರಮ ಆಸ್ತಿ ಎಂದು ಬಳಸಿ ಬಳಸಿ ಆ ಪದಕ್ಕೆ ಅಪರಾಧದ ವಾಸನೆ ಹತ್ತಿದೆ. ಈಗ ಅದನ್ನು ಮನುಷ್ಯನ ಹಿಂದೆ ಹಚ್ಚಿದರೆ ಓದುಗರಿಗೆ ಕಾಣುವುದು ಕ್ರಮ ತಪ್ಪಿದವನಲ್ಲ, ಅಪರಾಧಿ.

ಅಮೆರಿಕದ ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ತಪಾಸಣೆ ತಪ್ಪಿಸಿ ಗಡಿ ದಾಟುವುದು ಅಪರಾಧ; ಮೊದಲ ಸಲಕ್ಕೆ ಗರಿಷ್ಠ ಆರು ತಿಂಗಳ ಸಜೆ. ಒಮ್ಮೆ ಹೊರಹಾಕಿಸಿಕೊಂಡವರು ಅನುಮತಿಯಿಲ್ಲದೆ ಮತ್ತೆ ಬಂದರೆ ಎರಡು ವರ್ಷದವರೆಗೆ, ಹಳೆಯ ಅಪರಾಧವಿದ್ದರೆ ಇನ್ನೂ ಹೆಚ್ಚು. ಆದರೆ ವಿಮಾನ ನಿಲ್ದಾಣದ ಬಾಗಿಲಿನಲ್ಲೇ ಬಂದು, ಕೊಟ್ಟ ಗಡುವು ಮುಗಿದ ಮೇಲೂ ಉಳಿದವರಿದ್ದಾರಲ್ಲ, ಹಾಗೆ ಉಳಿಯುವುದೊಂದೇ ಅಲ್ಲಿ ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ತಪ್ಪು. 2012ರ ಅರಿಜೋನಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಸಿವಿಲ್ ಆದ್ದರಿಂದಲೇ ವಲಸೆ ನ್ಯಾಯಾಲಯದಲ್ಲಿ ಸರ್ಕಾರ ವಕೀಲರನ್ನು ನೇಮಿಸಿಕೊಡುವುದಿಲ್ಲ. ಇಟ್ಟುಕೊಳ್ಳುವುದಾದರೆ ಸ್ವಂತ ಖರ್ಚು. ಆದಕಾರಣ ಅಲ್ಲಿ ನಿಂತವರನ್ನು ‘ಆರೋಪಿ’ ಎನ್ನುವುದೂ, ತೀರ್ಮಾನವನ್ನು ‘ಶಿಕ್ಷೆ’ ಎನ್ನುವುದೂ ತಪ್ಪು. ‘ವಲಸೆ ಪ್ರಕರಣ ಎದುರಿಸುತ್ತಿರುವವರು’, ‘ಹೊರಹಾಕುವ ಆದೇಶ’ ಎಂದು ಬರೆದರೆ ಸಾಕು.

‘ನುಸುಳುಕೋರ’ ಪದವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಬಳಸಲೇಬೇಡಿ. ‘ಕೋರ’ ಪಾರಸಿಯ ‘ಖೋರ್’ನಿಂದ ಬಂದದ್ದು, ತಿನ್ನುವವ ಎಂದರ್ಥ. ಕನ್ನಡದಲ್ಲಿ ಅದು ಅಂಟಿಕೊಂಡ ಜಾಗಗಳನ್ನೇ ನೋಡಿ: ಲಂಚಕೋರ, ಸುಲಿಗೆಕೋರ, ಚಾಡಿಕೋರ, ದಂಗೆಕೋರ. ಒಂದು ಸಲ ಮಾಡಿದ್ದನ್ನು ಚಾಳಿಯಾಗಿಸಿ, ಬೈಗುಳ ಸೇರಿಸಿ ಹೇಳುವ ಪ್ರತ್ಯಯ ಅದು. ಜೊತೆಗೆ, ಗಡುವು ಮೀರಿ ಉಳಿದವರು ಎಲ್ಲಿಂದಲೂ ನುಸುಳಿದವರಲ್ಲ, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡೇ ಬಂದವರು. ಮೂಲ ಲೇಖಕರು ಬೈದಿದ್ದರೆ ಆ ಬೈಗುಳವನ್ನು ಅವರ ಬಾಯಲ್ಲೇ ಉಳಿಸಿ.

‘ದಾಖಲೆರಹಿತ’ಕ್ಕೆ ಬೇರೆ ತೊಡಕು. ಕಿಸೆಯಲ್ಲಿ ಒಂದು ಕಾಗದವೂ ಇಲ್ಲ ಎಂಬ ಚಿತ್ರ ಅದರಿಂದ ಮೂಡುತ್ತದೆ. ವಾಸ್ತವದಲ್ಲಿ ಅವರಲ್ಲಿ ಬಹಳ ಮಂದಿಗೆ ಸ್ವದೇಶದ ಪಾಸ್‌ಪೋರ್ಟ್ ಇರುತ್ತದೆ, ತೆರಿಗೆ ಕಟ್ಟಲು ಪಡೆದ ಸಂಖ್ಯೆ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಚಾಲನಾ ಪರವಾನಗಿಯೂ ಸಿಗುತ್ತದೆ. ಇಲ್ಲದಿರುವುದು ವಾಸಕ್ಕೆ ಅನುಮತಿ ಒಂದೇ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2013ರಲ್ಲಿ ವ್ಯಕ್ತಿಗೆ ‘ಇಲ್ಲೀಗಲ್’ ಹಚ್ಚುವುದನ್ನು ಕೈಬಿಟ್ಟಾಗ ‘ಅನ್‌ಡಾಕ್ಯುಮೆಂಟೆಡ್’ ಪದವನ್ನೂ ಒಪ್ಪಲಿಲ್ಲ; ಕೃತ್ಯಕ್ಕೆ ಮಾತ್ರ ‘ಇಲ್ಲೀಗಲ್’ ಇರಲಿ ಎಂದಿತು. ನನ್ನ ಸಲಹೆಯೂ ಅದೇ ಜಾಡಿನದು. ನಿಮ್ಮ ದನಿಯಲ್ಲಿ ‘ಅನುಮತಿಯಿಲ್ಲದೆ ನೆಲೆಸಿದವರು’. ಎರಡನೆಯ ಲೇಖಕರ ದನಿಯಲ್ಲಿ, ಅದು ಅವರು ಬೇಕೆಂದೇ ಆರಿಸಿದ ಪದವಾದ್ದರಿಂದ, ‘ದಾಖಲೆರಹಿತ ವಲಸಿಗರು’. ಮೊದಲನೆಯವರ ದನಿಯಲ್ಲಿ ‘ಅಕ್ರಮ ವಿದೇಶೀಯರು’. ‘ಏಲಿಯನ್’ಗೆ ‘ಪರದೇಶಿ’ ಎಂದು ಬರೆಯಬೇಡಿ. ಕನ್ನಡದಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವ.

ಇನ್ನೊಂದು ತಪ್ಪು ಕನ್ನಡ ವರದಿಗಳಲ್ಲಿ ಪದೇ ಪದೇ ಕಾಣುತ್ತದೆ: ‘ವೀಸಾ ಅವಧಿ ಮೀರಿ ಉಳಿದವರು’. ವೀಸಾ ಎಂಬುದು ಬಾಗಿಲವರೆಗೆ ಬರಲು ಕೊಟ್ಟ ಚೀಟಿ. ಒಳಗೆ ಎಷ್ಟು ದಿನ ಎಂಬುದನ್ನು ಬಾಗಿಲಲ್ಲಿರುವ ಅಧಿಕಾರಿ ಗೊತ್ತುಮಾಡುತ್ತಾರೆ, ಅದು ಐ-94 ದಾಖಲೆಯಲ್ಲಿರುತ್ತದೆ. ಮಗಳ ಬಾಣಂತನಕ್ಕೆಂದು ಹೋಗುವ ತಾಯಿಯ ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಇದ್ದರೂ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಏಳನೆಯ ತಿಂಗಳು ಉಳಿಯಬೇಕಾದರೆ ಗಡುವು ಮುಗಿಯುವ ಮೊದಲೇ ಐ-539 ನಮೂನೆಯಲ್ಲಿ ಅರ್ಜಿ ಹಾಕಬೇಕು. ಹಾಕದೆ ಉಳಿದರೆ, ಒಂದೇ ದಿನವಾದರೂ, ಆ ಹತ್ತು ವರ್ಷದ ವೀಸಾ ತಾನಾಗಿ ರದ್ದಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪಾಸ್‌ಪೋರ್ಟಿನ ವೀಸಾ ಮುಗಿದಿದ್ದು ಐ-94 ಇನ್ನೂ ಚಾಲ್ತಿಯಲ್ಲಿದ್ದರೆ ಅವರು ಯಾವ ಗಡುವನ್ನೂ ಮೀರಿಲ್ಲ. ಆದ್ದರಿಂದ ‘ವಾಸದ ಗಡುವು ಮೀರಿದವರು’ ಎನ್ನಿ.

ಈ ಗಡುವಿನ ಲೆಕ್ಕ ವಾದದ ನಡುವೆಯೇ ಬರುತ್ತದೆ, ಅದಕ್ಕಾಗಿ ಇಷ್ಟು ಬರೆದೆ. 180 ದಿನಕ್ಕಿಂತ ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಹೀಗೆ ಉಳಿದು ದೇಶ ಬಿಟ್ಟವರು ಮೂರು ವರ್ಷ ಮರಳುವಂತಿಲ್ಲ. ಒಂದು ವರ್ಷ ಅಥವಾ ಮೇಲ್ಪಟ್ಟರೆ ಹತ್ತು ವರ್ಷ. 1996ರ ಕಾಯ್ದೆ ತಂದ ನಿಯಮ. ನಿರ್ಬಂಧ ಶುರುವಾಗುವುದು ದೇಶ ಬಿಟ್ಟ ಕ್ಷಣದಿಂದ. ‘ಊರಿಗೆ ಹೋಗಿ ಸರದಿಯಲ್ಲಿ ನಿಂತು ಬರಲಿ’ ಎಂಬ ವಾದಕ್ಕೆ ಎದುರಾಳಿಗಳು ಎತ್ತುವ ಆಕ್ಷೇಪ ಇದೇ: ಹೋದ ಕೂಡಲೇ ಬಾಗಿಲು ಹತ್ತು ವರ್ಷ ಮುಚ್ಚುತ್ತದೆ, ಆದ್ದರಿಂದ ಯಾರೂ ಹೋಗುವುದಿಲ್ಲ. ಅನುವಾದದಲ್ಲಿ ‘ವೀಸಾ ಅವಧಿ’ ಎಂದು ತಪ್ಪಿದರೆ ಈ ವಾದದ ಕೊಂಡಿಯೇ ಕಳಚುತ್ತದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಒಪ್ಪಿಗೆ. ಆದರೆ ‘ಅನುಮತಿಯಿಲ್ಲದೆ’ ಎಂಬ ಈ ಅರ್ಥಕ್ಕೆ ಕನ್ನಡ ನಾಡಿನ ರೈತರು ತಲೆಮಾರುಗಳಿಂದ ಆಡುತ್ತಿರುವ ಪದ ಒಂದಿದೆ: ಬಗರ್ ಹುಕುಂ. ‘ಬಗೈರ್’ ಎಂದರೆ ಇಲ್ಲದೆ, ‘ಹುಕುಂ’ ಎಂದರೆ ಅಪ್ಪಣೆ. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉಳುತ್ತಿರುವವನನ್ನು ನಾವು ‘ಅಕ್ರಮ ರೈತ’ ಎಂದು ಕರೆದಿಲ್ಲ. ಸಾಗುವಳಿ ಅಕ್ರಮ, ರೈತ ರೈತನೇ. ವಲಸಿಗರಿಗೆ ‘ಬಗರ್ ಹುಕುಂ’ ಹಚ್ಚಿ ಎನ್ನುತ್ತಿಲ್ಲ, ಅದು ಜಮೀನಿಗೆ ಕಚ್ಚಿಕೊಂಡ ಪದ. ಅದರ ಜೊತೆಗಾರ ‘ಸಕ್ರಮ’ವನ್ನು ಮಾತ್ರ ಧಾರಾಳವಾಗಿ ತೆಗೆದುಕೊಳ್ಳಿ ಎನ್ನುತ್ತೇನೆ. ‘ಆಮ್ನೆಸ್ಟಿ’ ಚರ್ಚೆಯ ಗಂಟು ಬಿಡಿಸುವುದು ಅದೇ.

ಕ್ಷಮಾದಾನ ಎಂದರೆ ನಮಗೆ ನೆನಪಾಗುವುದು ಸಂವಿಧಾನದ 72 ಮತ್ತು 161ನೆಯ ವಿಧಿಗಳು: ಶಿಕ್ಷೆಯಾದವನಿಗೆ ರಾಷ್ಟ್ರಪತಿ ಅಥವಾ ರಾಜ್ಯಪಾಲರು ಕೊಡುವುದು. ಅಮೆರಿಕದಲ್ಲಿ 1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆ ಹಾಗೆ ಒಂದೇಟಿಗೆ ಮನ್ನಿಸಿದ್ದಲ್ಲ. ಅದು ನಮ್ಮ ತಾಲ್ಲೂಕು ಕಚೇರಿಯ ಕಾರ್ಯವಿಧಾನದಂತೆಯೇ ಇತ್ತು. ಕಟ್ಆಫ್ ದಿನಾಂಕ: 1982ರ ಜನವರಿ 1ಕ್ಕೆ ಮೊದಲಿನಿಂದ ನಿರಂತರ ವಾಸ. ಕೃಷಿ ಕಾರ್ಮಿಕರಿಗೆ ಬೇರೆ ಬಾಗಿಲು: 1986ರ ಮೇ 1ಕ್ಕೆ ಮುಗಿದ ವರ್ಷದಲ್ಲಿ ಕನಿಷ್ಠ 90 ದಿನ ಹೊಲದ ಕೆಲಸ. ಅರ್ಜಿಗೆ ಶುಲ್ಕ, ವಾಸಕ್ಕೆ ಪುರಾವೆಯಾಗಿ ಬಾಡಿಗೆ ರಸೀದಿ, ಸಂಬಳದ ಚೀಟಿ. ಮೊದಲು ತಾತ್ಕಾಲಿಕ ನಿವಾಸ, ಹದಿನೆಂಟು ತಿಂಗಳ ಬಳಿಕ ಇಂಗ್ಲಿಷು, ಪೌರನೀತಿಯ ಪ್ರಾಥಮಿಕ ತಿಳಿವಳಿಕೆ ತೋರಿಸಿ ಕಾಯಂ ನಿವಾಸಕ್ಕೆ ಅರ್ಜಿ. ಒಟ್ಟು ಸುಮಾರು 27 ಲಕ್ಷ ಜನರಿಗೆ ಹೀಗೆ ಗ್ರೀನ್ ಕಾರ್ಡ್ ಸಿಕ್ಕಿತು. ಬಗರ್ ಹುಕುಂ ಅರ್ಜಿಯ ನಮೂನೆ 50, 53, 57ರ ಸಾಲು, ಶಾಸಕರ ಅಧ್ಯಕ್ಷತೆಯ ಸಮಿತಿ, ಕೊನೆಗೆ ಸಾಗುವಳಿ ಚೀಟಿ ಎಂಬುದನ್ನು ಬಲ್ಲ ಓದುಗರಿಗೆ ‘ಸಕ್ರಮಗೊಳಿಸುವಿಕೆ’ ಎಂದರೆ ಟಿಪ್ಪಣಿಯೇ ಬೇಡ.

ಎಡವಿದ ಜಾಗಗಳೂ ಹಾಗೇ ಹೋಲುತ್ತವೆ. ದಿನಾಂಕ ಹಾಕಿದಲ್ಲಿ ಅದರ ಮರುದಿನ ಬಂದವರು ಹೊರಗುಳಿಯುತ್ತಾರೆ. 1982ರ ನಂತರ ಬಂದವರ ಗತಿ ಅದೇ ಆಯಿತು, ಒಂದೇ ಮನೆಯಲ್ಲಿ ಗಂಡ ಸಕ್ರಮ, ಹೆಂಡತಿ ಅಕ್ರಮ. ಪುರಾವೆ ಸಡಿಲವಾದಲ್ಲಿ, ಮುಖ್ಯವಾಗಿ ಕೃಷಿ ಕಾರ್ಮಿಕರ ವಿಭಾಗದಲ್ಲಿ, ಸುಳ್ಳು ಪ್ರಮಾಣಪತ್ರಗಳು ಹರಿದುಬಂದವು. ಅದೇ ಕಾಯ್ದೆ ಮಾಲೀಕರಿಗೆ, ಕೆಲಸಗಾರನಿಗೆ ಕೆಲಸದ ಅನುಮತಿ ಇದೆಯೇ ಎಂದು ನೋಡಿ ತುಂಬುವ ಐ-9 ನಮೂನೆಯನ್ನು ಕಡ್ಡಾಯ ಮಾಡಿತು. ಆದರೆ ಕೆಲಸಗಾರ ತೋರಿಸಿದ ಕಾಗದ ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಮಾಲೀಕನ ಹೊಣೆ ಅಲ್ಲಿಗೆ ಮುಗಿಯಿತು. ನಕಲಿ ಕಾರ್ಡುಗಳ ಪೇಟೆ ಬೆಳೆದದ್ದು ಆ ಬಿರುಕಿನಲ್ಲಿ. ಮತ್ತೊಮ್ಮೆ ಸಕ್ರಮ ಬೇಡ ಎನ್ನುವವರ ಗಟ್ಟಿ ವಾದ ಇದೇ, ಅದನ್ನು ಅನುವಾದದಲ್ಲಿ ತೆಳುಮಾಡಬಾರದು. ಅವರು ‘ಆಮ್ನೆಸ್ಟಿ’ ಎಂದು ಟೀಕಿಸುತ್ತಿದ್ದರೆ ‘ಕ್ಷಮಾದಾನ’ವೇ ಇರಲಿ. ತಪ್ಪಿಗೆ ದಂಡವಿಲ್ಲದೆ ಬಹುಮಾನ ಸಿಕ್ಕಿತು ಎಂಬ ಅವರ ದೂರು ಆ ಪದದಲ್ಲೇ ಇದೆ.

ಅಮೆರಿಕದ 2012ರ ಡಾಕಾ (DACA) ಯೋಜನೆಗೆ ಮಾತ್ರ ‘ಸಕ್ರಮ’, ‘ಕ್ಷಮಾದಾನ’ ಎರಡೂ ಸಲ್ಲವು. ಹದಿನಾರು ತುಂಬುವ ಮೊದಲೇ ಬಂದವರನ್ನು ಎರಡೆರಡು ವರ್ಷ, ನವೀಕರಿಸುತ್ತ, ಹೊರಹಾಕದೆ ಬಿಡುವುದು, ಕೆಲಸದ ಪರವಾನಗಿ ಕೊಡುವುದು ಇಷ್ಟೇ ಅದು. ಕಾನೂನುಬದ್ಧ ನಿವಾಸದ ಹಕ್ಕು ಬರುವುದಿಲ್ಲ. ‘ಕ್ರಮ ಮುಂದೂಡಿಕೆ’ ಎನ್ನಬಹುದು.

‘ಗಡಿಪಾರು’ ಬಗ್ಗೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 55ನೆಯ ಪ್ರಕರಣದಡಿ ರೌಡಿಯನ್ನು ಜಿಲ್ಲೆಯಿಂದಾಚೆ ಕಳಿಸುವುದು ನಮ್ಮಲ್ಲಿ ಗಡಿಪಾರು. 2025ರ ಏಪ್ರಿಲ್‌ನಲ್ಲಿ ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕ ಭಾರತಕ್ಕೆ ಒಪ್ಪಿಸಿದ್ದನ್ನೂ ಗಡಿಪಾರು ಎಂದದ್ದುಂಟು. ಅದು ವಿಚಾರಣೆಗಾಗಿ ಮಾಡಿದ ಹಸ್ತಾಂತರ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ್ದಕ್ಕೂ ಅದೇ ಪದ. ಮೂರು ಬೇರೆ ಕೆಲಸಗಳಿಗೆ ಒಂದೇ ಪದವಾದರೆ ಇಳಿದವರು ಓದುಗರ ಕಣ್ಣಿಗೆ ರೌಡಿಗಳ ಸಾಲಿನಲ್ಲಿ ನಿಲ್ಲುತ್ತಾರೆ. ‘ದೇಶದಿಂದ ಹೊರಹಾಕುವುದು’ ಎನ್ನಿ. ಅಲ್ಲಿನ ಕಾನೂನಿನಲ್ಲೂ 1996ರಿಂದ ಈ ಪ್ರಕ್ರಿಯೆಯ ಹೆಸರು ‘ರಿಮೂವಲ್’. ಅದರೊಳಗೆ ಎರಡನ್ನು ಬೇರೆ ಇಡಿ: ನ್ಯಾಯಾಧೀಶರ ಮುಂದೆ ಒಯ್ಯದೆ ಅಧಿಕಾರಿಯೇ ಆದೇಶಿಸುವ ‘ತ್ವರಿತ ಹೊರಹಾಕುವಿಕೆ’, ಸ್ವಂತ ಖರ್ಚಿನಲ್ಲಿ, ಗರಿಷ್ಠ 120 ದಿನದೊಳಗೆ, ವಿಚಾರಣೆ ಮುಗಿದ ಹಂತದಲ್ಲಾದರೆ 60 ದಿನದೊಳಗೆ, ಹೊರಟುಹೋಗುವ ‘ಸ್ವಯಂ ನಿರ್ಗಮನ’. ಈ ಎರಡನೆಯದರಲ್ಲಿ ಸಮಯಕ್ಕೆ ಸರಿಯಾಗಿ ಹೊರಟರೆ ಹೊರಹಾಕಿದ ಆದೇಶ ದಾಖಲೆಗೆ ಬೀಳದು.

ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದ. ಎರಡು ಸಂದೇಹ ಉಳಿದಿವೆ. ಮುನ್ನುಡಿಯಲ್ಲಿ ಭಾರತದ ಪ್ರಸ್ತಾಪ ಬರುತ್ತದೆ, ಅಲ್ಲಿಯೂ ‘ಅಕ್ರಮ ವಲಸಿಗ’ ಬಿಡಬೇಕೇ? ‘ಅಸೈಲಂ’ ಕೇಳಿದವರಿಗೆ ‘ನಿರಾಶ್ರಿತರು’ ಎನ್ನಬಹುದೇ?

ಮೊದಲನೆಯವರ ಮರು ಉತ್ತರ

ಭಾರತದ ಕಾನೂನನ್ನು ಉದ್ಧರಿಸುವಲ್ಲಿ ಬಿಡುವಂತಿಲ್ಲ. 2003ರ ತಿದ್ದುಪಡಿಯ ನಂತರ ಪೌರತ್ವ ಕಾಯ್ದೆಯಲ್ಲಿ ‘ಅಕ್ರಮ ವಲಸಿಗ’ಕ್ಕೆ ವ್ಯಾಖ್ಯೆ ಇದೆ: ಸಿಂಧುವಾದ ಪಾಸ್‌ಪೋರ್ಟ್ ಅಥವಾ ಪ್ರಯಾಣ ದಾಖಲೆ ಇಲ್ಲದೆ ಬಂದ, ಇಲ್ಲವೇ ದಾಖಲೆಯೊಂದಿಗೆ ಬಂದು ಅವಧಿ ಮೀರಿ ಉಳಿದ ವಿದೇಶಿ. ನಮ್ಮಲ್ಲಿ ಎರಡೂ ಶಿಕ್ಷಾರ್ಹ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಮೊದಲನೆಯದಕ್ಕೆ ಐದು ವರ್ಷದವರೆಗೆ ಸಜೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡನೆಯದಕ್ಕೆ ಮೂರು ವರ್ಷ, ಮೂರು ಲಕ್ಷ. ಹಾಗಾಗಿ ಅಮೆರಿಕದ ಬಗ್ಗೆ ‘ಸಿವಿಲ್ ತಪ್ಪು’ ಎಂದು ಬರೆದದ್ದನ್ನು ಇಲ್ಲಿಗೆ ಎಳೆದು ತರಬೇಡಿ. ಭಾರ ಹೊರುವವರೂ ಬೇರೆ: ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವುದು ಇಲ್ಲಿ ಆ ವ್ಯಕ್ತಿಯ ಹೊಣೆ. ಅಸ್ಸಾಮಿಗೆಂದು 1983ರಲ್ಲಿ ಮಾಡಿದ ಕಾಯ್ದೆ ಇದನ್ನು ಬದಲಿಸಿತ್ತು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು.

ವ್ಯಾಖ್ಯೆಯಲ್ಲಿ ‘ವಿದೇಶಿ’ ಎಂಬುದನ್ನು ಅಡಿಗೆರೆ ಎಳೆದು ಓದಿ. ಕನ್ನಡದ ‘ವಲಸಿಗ’ ಬಹಳ ಅಗಲದ ಪದ. ರಾಯಚೂರಿನಿಂದ ಗುಳೆ ಬಂದವರೂ ವಲಸಿಗರು, ಬಿಹಾರದಿಂದ ಬಂದವರೂ ವಲಸಿಗರು. ಇವರ ಗುಡಿಸಲು ಅಕ್ರಮವಾಗಿರಬಹುದು, ಇವರ ವಾಸವಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರದ್ದೆಂದು ಹೇಳಿ ಗುಡಿಸಲುಗಳನ್ನು ಕೆಡವಿದಾಗ ಅಲ್ಲಿ ಉತ್ತರ ಕರ್ನಾಟಕದ ಮಂದಿಯೂ ಇದ್ದರು; ವಿಷಯ ಹೈಕೋರ್ಟಿಗೆ ಹೋಯಿತು. ಎರಡು ಅರ್ಥಗಳು ಕಲಸಿಹೋದರೆ ಬೀಳುವುದು ಬಡವರ ಸೂರು. ಒಳನಾಡಿನವರಿಗೆ ‘ವಲಸೆ ಕಾರ್ಮಿಕರು’ ಅಥವಾ ‘ಗುಳೆ ಬಂದವರು’ ಎಂದು ಗೊತ್ತುಮಾಡಿಕೊಂಡು, ‘ಅಕ್ರಮ ವಲಸಿಗ’ವನ್ನು ಪೌರತ್ವ ಕಾಯ್ದೆಯ ಮಾತು ಬಂದಲ್ಲಿ ಮಾತ್ರ ಇಡಿ.

‘ನಿರಾಶ್ರಿತರು’ ಬೇಡ. ಬೆಂಗಳೂರಿನ ಭಿಕ್ಷುಕರ ಕಾಲೊನಿಯ ಅಧಿಕೃತ ಹೆಸರೇ ನಿರಾಶ್ರಿತರ ಪರಿಹಾರ ಕೇಂದ್ರ. ಬೈಲುಕುಪ್ಪೆ, ಮುಂಡಗೋಡದ ಟಿಬೆಟನ್ನರಿಗೂ ನಾವು ಅದೇ ಪದ ಬಳಸುತ್ತೇವೆ. ಅವರು ನೋಂದಣಿ ಪತ್ರ ಹೊಂದಿದ ವಿದೇಶಿಯರು. ‘ಅಸೈಲಂ’ ಕೇಳಿದವರ ಅರ್ಜಿ ಇನ್ನೂ ತೀರ್ಮಾನವಾಗಿರುವುದಿಲ್ಲ, ಆದ್ದರಿಂದ ‘ಆಶ್ರಯ ಕೋರಿದವರು’. ಅದು ಮಂಜೂರಾದ ಮೇಲೆ ‘ಆಶ್ರಯ ಪಡೆದವರು’. ಅಮೆರಿಕದ ಕಾನೂನಿನಲ್ಲಿ ಗಡಿಯ ಠಾಣೆ ತಪ್ಪಿಸಿ ಬಂದವರೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದ ಒಂದು ವರ್ಷದೊಳಗೆ ಆಶ್ರಯ ಕೋರಬಹುದು ಎಂದಿದೆ. ದಾಟಿದ್ದು ಅಕ್ರಮ, ಹಾಕಿದ ಅರ್ಜಿ ಸಕ್ರಮ. ನಿಮ್ಮ ಬರಹಗಳಲ್ಲಿ ಇಂಥವರನ್ನು ‘ಅಕ್ರಮ’ದ ಲೆಕ್ಕಕ್ಕೆ ಸೇರಿಸಿದ್ದಾರೋ ಬಿಟ್ಟಿದ್ದಾರೋ ಎಂಬುದನ್ನು ಪ್ರತಿ ಅಂಕಿಯ ಬಳಿಯೂ ನೋಡಿಕೊಳ್ಳಿ, ಇಬ್ಬರು ಲೇಖಕರ ಸಂಖ್ಯೆಗಳು ತಾಳೆಯಾಗದಿದ್ದರೆ ಮೊದಲು ಹುಡುಕಬೇಕಾದ ಜಾಗ ಅದು.