ಬೆಣ್ಣೆಹಣ್ಣು ಮರದಲ್ಲಿ ‘ಮಾಗುತ್ತದೆಯೇ’, ‘ಬಲಿಯುತ್ತದೆಯೇ’?

ಬೆಣ್ಣೆಹಣ್ಣಿನ (ಅವಕಾಡೊ) ಮರದ ಆರೈಕೆ ಬಗ್ಗೆ ಒಂದು ಸಣ್ಣ ಕೈಪಿಡಿಯ ಭಾಷೆ ತಿದ್ದುತ್ತಿದ್ದೇನೆ. ಅದರಲ್ಲಿ ಒಂದು ಸಾಲು ಹೀಗಿದೆ: ‘ಹಣ್ಣು ಚೆನ್ನಾಗಿ ಮಾಗಿದ ಮೇಲೆ ಕೊಯ್ಯಬೇಕು.’ ಕನ್ನಡವೇನೋ ಚೆನ್ನಾಗಿದೆ. ಆದರೆ ಈ ಮರದ ಮಟ್ಟಿಗೆ ಸಲಹೆ ತಪ್ಪು. ಇದನ್ನು ನಂಬಿ ಕಾಯುತ್ತಾ ಕುಳಿತವರಿಗೆ ಆ ದಿನ ಬರುವುದೇ ಇಲ್ಲ.

ಯಾಕೆಂದರೆ ಬೆಣ್ಣೆಹಣ್ಣು ಕೊಂಬೆಯಲ್ಲಿ ಇರುವಷ್ಟು ಕಾಲ ಮೆತ್ತಗಾಗುವುದಿಲ್ಲ. ಅಲ್ಲಿ ಅದರ ಎಣ್ಣೆ ಅಂಶ ಏರುತ್ತದೆ, ನೀರಿನ ಅಂಶ ಇಳಿಯುತ್ತದೆ, ಬೀಜದ ಸಿಪ್ಪೆ ತೆಳುವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಕಾಯಿ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಕೊಯ್ದ ಮೇಲೆ, ಸಾಮಾನ್ಯ ಕೋಣೆಯ ಬಿಸುಪಿನಲ್ಲಿ ಒಂದು ವಾರ ಅಥವಾ ಸ್ವಲ್ಪ ಹೆಚ್ಚು ಕಾಲದಲ್ಲಿ ಮೆತ್ತಗಾಗುತ್ತದೆ. ಅಂದರೆ ಆ ಮರದಲ್ಲಿ ‘ಹಣ್ಣು’ ಎಂಬುದೇ ಇರುವುದಿಲ್ಲ. ಇರುವುದೆಲ್ಲ ಕಾಯಿ, ಅಲ್ವಾ?

ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಪದಗಳ ಬರ ಇಲ್ಲ. ಹೀಚು, ಮಿಡಿ, ಎಳೆಗಾಯಿ, ಬಲಿತ ಕಾಯಿ, ದೋರೆಗಾಯಿ, ಹಣ್ಣು, ಕಳಿತ ಹಣ್ಣು. ಒಂದೊಂದು ಹಂತಕ್ಕೂ ಒಂದು ಹೆಸರು. ಇಷ್ಟು ಇಟ್ಟುಕೊಂಡು ಕೃಷಿ ಬರಹದಲ್ಲಿ ಎಲ್ಲದಕ್ಕೂ ‘ಪಕ್ವ’ ಎಂದು ಬರೆದುಬಿಡುತ್ತೇವೆ. ‘ಪಕ್ವವಾದಾಗ ಕೊಯ್ಯಿರಿ’ ಎಂದರೆ ಬಲಿತಾಗಲೋ, ಮೆತ್ತಗಾದಾಗಲೋ? ಬೇರೆ ಹಣ್ಣುಗಳಲ್ಲಿ ಈ ಗೊಂದಲ ಅಷ್ಟು ಕಾಡುವುದಿಲ್ಲ. ಇಲ್ಲಿ ಬೆಳೆಯೇ ಕೈತಪ್ಪಬಹುದು. ಎಳಸಾಗಿ ಕೊಯ್ದರೆ ಕಾಯಿ ಸುಕ್ಕುಗಟ್ಟುತ್ತದೆ, ರುಚಿ ಹತ್ತುವುದಿಲ್ಲ. ತೀರಾ ತಡ ಮಾಡಿದರೆ ಒಳಗೇ ಬೀಜ ಮೊಳೆಯಬಹುದು. ಹೊರೆ ಹೊತ್ತೇ ಇರುವ ಮರ ಮುಂದಿನ ವರ್ಷ ಹೂ ಕಡಿಮೆ ಬಿಡುತ್ತದೆ.

ನಾನು ತಿದ್ದಿ ಬರೆದದ್ದು ಇದು: ‘ಕಾಯಿ ಬಲಿತ ಮೇಲೆ ಕೊಯ್ಯಿರಿ. ಕೊಯ್ದ ಮೇಲೆ ಹಣ್ಣಾಗುತ್ತದೆ.’ ಇದಕ್ಕೆ ಒಬ್ಬರು ಆಕ್ಷೇಪ ಎತ್ತಿದ್ದಾರೆ. ‘ಬಲಿತ ಬೆಂಡೆಕಾಯಿ’ ಎಂದರೆ ನಾರುಗಟ್ಟಿದ್ದು, ಕೆಲಸಕ್ಕೆ ಬಾರದ್ದು. ಹಾಗಾಗಿ ‘ಬಲಿತ’ ಎಂದರೆ ಜನ ಹಿಂಜರಿಯುತ್ತಾರೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಬಲಿತ ತೆಂಗಿನಕಾಯಿಯನ್ನು ಯಾರೂ ಬೇಡ ಎನ್ನುವುದಿಲ್ಲ. ಎಳೆಯದಾಗಿ ತಿನ್ನುವುದಕ್ಕೆ ‘ಬಲಿತ’ ಬೈಗುಳ, ತುಂಬಿಕೊಳ್ಳಬೇಕಾದ್ದಕ್ಕೆ ಅದು ಹೊಗಳಿಕೆ ಎಂದು ನನಗೆ ಅನಿಸುತ್ತದೆ. ಬೆಣ್ಣೆಹಣ್ಣು ಎರಡನೆಯ ಗುಂಪಿನದು. ಬಲಿಯುವುದನ್ನು ಅಳೆಯಲೂ ಆಗುತ್ತದೆ: ಕ್ಯಾಲಿಫೋರ್ನಿಯಾದಲ್ಲಿ ಹ್ಯಾಸ್ ತಳಿಯ ಕಾಯಿಯಲ್ಲಿ ಒಣ ಅಂಶ (ನೀರು ಆರಿದ ಮೇಲೆ ಉಳಿಯುವ ಭಾಗ) ಕನಿಷ್ಠ ಶೇ 20.8 ಇರಬೇಕು ಎಂಬ ನಿಯಮವಿದೆ. ಮನೆಮಟ್ಟಿಗೆ ಅಷ್ಟೆಲ್ಲ ಬೇಡ. ಒಂದು ದಪ್ಪ ಕಾಯಿ ಕೊಯ್ದು ಒಳಗಿಟ್ಟು ನೋಡಿದರೆ ಸಾಕು. ಸುಕ್ಕಾಗದೆ ಮೆತ್ತಗಾದರೆ ಉಳಿದವೂ ಬಲಿತಿವೆ ಎಂದು ಲೆಕ್ಕ.

ಬಣ್ಣ ನೋಡಿ ಹೇಳುವುದೂ ಕಷ್ಟ. ಹ್ಯಾಸ್ ಮೆತ್ತಗಾಗುತ್ತಾ ಕಪ್ಪಾಗುತ್ತದೆ, ಫ್ಯುಯೆರ್ಟೆ ಎಂಬ ತಳಿ ಹಸಿರಾಗಿಯೇ ಉಳಿಯುತ್ತದೆ. ಅದಕ್ಕೇ ‘ಬಣ್ಣ ತಿರುಗಿದಾಗ’ ಎಂಬ ಮಾತನ್ನೂ ತೆಗೆದುಹಾಕಿದೆ.

ಇನ್ನೊಂದು ಪದ, ‘ನಿತ್ಯಹರಿದ್ವರ್ಣ’. ಅದನ್ನು ಓದಿದವರು ಎಲೆ ಉದುರುವುದೇ ಇಲ್ಲ ಎಂದುಕೊಳ್ಳುತ್ತಾರೆ. ಹೂ ಬಿಡುವ ಹೊತ್ತಿಗೆ ಈ ಮರ ಹಳೆ ಎಲೆಗಳನ್ನು ಸಾಕಷ್ಟು ಕಳಚುತ್ತದೆ, ಜೊತೆಗೇ ಹೊಸ ಚಿಗುರು ಬರುತ್ತದೆ. ರೋಗ ಎಂದು ಹೆದರಿ ಸುಮ್ನೆ ನೀರು ಜಾಸ್ತಿ ಹಾಕಿದರೆ ಅಪಾಯ ಅಲ್ಲಿದೆ. ಇದರ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತವೆ. ನೀರು ನಿಂತ ಮಣ್ಣಿನಲ್ಲಿ ಫೈಟಾಫ್ತೊರಾ ಎಂಬ ರೋಗಾಣು ಅವನ್ನು ಕೊಳೆಸುತ್ತದೆ. ‘ಸದಾ ಹಸಿರು, ಆದರೆ ವರ್ಷಕ್ಕೊಮ್ಮೆ ಎಲೆ ಬದಲಿಸುವ ಮರ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೂ ಇದೇ ಇರಲಿ ಎನಿಸುತ್ತದೆ.

ಈಗ ನಿಮ್ಮನ್ನು ಕೇಳಬೇಕಾದ್ದು. ‘ಬಲಿ’ ಮತ್ತು ‘ಹಣ್ಣಾಗು’ ಎಂಬ ಜೋಡಿಗಿಂತ ಸ್ಪಷ್ಟವಾದದ್ದು ನಿಮ್ಮ ಬಳಕೆಯಲ್ಲಿದೆಯೇ? ಕೊಯ್ದ ಕಾಯಿಯನ್ನು ಹಣ್ಣು ಮಾಡಲು ಇಡುವುದಕ್ಕೆ ‘ಅಡೆ ಹಾಕು’ ಎನ್ನುತ್ತೇವೆ. ಹುಲ್ಲಿಲ್ಲದೆ, ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಇಟ್ಟರೂ ಆ ಪದ ಸಲ್ಲುತ್ತದೆಯೇ? ಬಾಳೆಯಿಂದ ಬರುವ ಎಥಿಲೀನ್ ಅನಿಲ ಮಾಡುವುದು ಅದೇ ಕೆಲಸ, ಹಾಗಾಗಿ ಸಲ್ಲಬೇಕು ಎಂಬುದು ನನ್ನ ವಾದ. ಇನ್ನು, ಎಳಸಾಗಿ ಕೊಯ್ದ ಕಾಯಿ ಹಣ್ಣಾಗದೆ ರಬ್ಬರಿನಂತೆ ಜಗ್ಗುವ ಸ್ಥಿತಿಗೆ ಒಂದು ಪದ ಬೇಕು. ‘ಬಾಡು’ ಸಾಲದು, ‘ಮುರುಟು’ ಎಲೆಗೆ ಹೆಚ್ಚು ಹೊಂದುತ್ತದೆ. ನಿಮ್ಮ ಕಡೆ ಏನೆನ್ನುತ್ತಾರೆ?