ಮಗು ಹೆಣ್ಣೋ ಗಂಡೋ ಎಂದು ವೈದ್ಯರು ಹೇಳದಿದ್ದಾಗ: ಅನುಭವವುಳ್ಳವರು ತಿಳಿಸಿ

ಕೇಳಿದವರು: ಹಾಸನದ ಒಬ್ಬ ತಂದೆ

ನಮ್ಮ ಮಗು ಹುಟ್ಟಿ ಒಂಬತ್ತು ದಿನಗಳಾದವು. ಜನನಾಂಗದ ರಚನೆ ಸ್ಪಷ್ಟವಾಗಿಲ್ಲವೆಂದು ಕ್ರೋಮೋಸೋಮ್ ಪರೀಕ್ಷೆಗೆ ರಕ್ತ ಕಳುಹಿಸಿದ್ದಾರೆ. ಆ ವರದಿ ಬಂದರೆ ಹೆಣ್ಣೋ ಗಂಡೋ ಎಂಬುದು ತೀರ್ಮಾನವಾದಂತೆಯೇ? ಬೇಗ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೆಂಬ ಸಲಹೆಯೂ ಬಂದಿದೆ. ಮನೆಯಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ದಿನ ನೋಡುತ್ತಿದ್ದಾರೆ.

ಶಿವಮೊಗ್ಗದ ಒಬ್ಬ ತಾಯಿ

ಆ ವರದಿ ಬರುವವರೆಗೆ ಕಾಯಬೇಡಿ. ರಕ್ತದ ಸೋಡಿಯಂ, ಪೊಟ್ಯಾಸಿಯಂ ಮತ್ತು 17-ಒಎಚ್‌ಪಿ ಎಂಬ ಹಾರ್ಮೋನಿನ ಪರೀಕ್ಷೆಗಳು ಆಗಿವೆಯೇ ಎಂದು ಇವತ್ತೇ ಕೇಳಿ. ನನ್ನ ಮಗಳಿಗಿರುವುದು ಸಿಎಎಚ್, ಅಂದರೆ ಹುಟ್ಟಿನಿಂದಲೇ ಬರುವ ಅಡ್ರಿನಲ್ ಗ್ರಂಥಿಯ ತೊಂದರೆ. ಮೂತ್ರಪಿಂಡದ ಮೇಲಿರುವ ಆ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆಯಿಂದ ಕಾರ್ಟಿಸೋಲ್ ಎಂಬ ಹಾರ್ಮೋನು ಸಾಕಷ್ಟು ತಯಾರಾಗದೆ ಗಂಡು ಹಾರ್ಮೋನು ಹೆಚ್ಚಾಗುವುದರಿಂದ, ಗರ್ಭಕೋಶ, ಅಂಡಾಶಯ ಎಲ್ಲವೂ ಇರುವ, ಕ್ರೋಮೋಸೋಮ್ ವರದಿಯೂ ಹೆಣ್ಣಿನದೇ ಆದ 46 ಎಕ್ಸ್‌ಎಕ್ಸ್ ಮಗುವಿನ ಹೊರಗಿನ ಅಂಗ ಗಂಡಿನದರಂತೆ ಕಾಣಬಹುದು. ಹನ್ನೆರಡನೆಯ ದಿನ ಅವಳು ಕುಡಿದ ಹಾಲನ್ನೆಲ್ಲ ಕಕ್ಕತೊಡಗಿದಾಗ ನಾವು ಅಜೀರ್ಣವೆಂದುಕೊಂಡು ಬಜೆ ತೇಯ್ದು ನೆಕ್ಕಿಸುತ್ತ ಕುಳಿತಿದ್ದೆವು. ಅತ್ತ ಇದೇ ತೊಂದರೆಯಿಂದ ದೇಹದ ಉಪ್ಪೆಲ್ಲ ಮೂತ್ರದಲ್ಲಿ ಹರಿದುಹೋಗುತ್ತಿತ್ತು. ಮರುದಿನ ತುರ್ತು ಚಿಕಿತ್ಸಾ ಘಟಕದಲ್ಲಿ ಉಳಿಸಿಕೊಂಡೆವು. ಆಮೇಲೆ ಕಾರ್ಟಿಸೋಲ್ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಮಾತ್ರೆಯನ್ನು ಪುಡಿಮಾಡಿಸಿ ಪೊಟ್ಟಣ ಕಟ್ಟಿಸಿ, ಎಂಟು ಗಂಟೆಗೊಮ್ಮೆ ಅಲಾರಂ ಇಟ್ಟು ಕೊಟ್ಟೆವು. ಈಗ ಅವಳಿಗೆ ಹದಿನಾಲ್ಕು ವರ್ಷ. ಜ್ವರ ಬಂದಾಗ ಪ್ರಮಾಣ ಹೆಚ್ಚಿಸಬೇಕೆಂದು ನನಗಿಂತ ಮೊದಲು ಅವಳೇ ನೆನಪಿಸುತ್ತಾಳೆ.

ತೊಟ್ಟಿಲ ಶಾಸ್ತ್ರವನ್ನು ಮುಂದೂಡಿ. ಇಲ್ಲಿ ನಮ್ಮ ಭಾಷೆಯೇ ಕೈಹಿಡಿಯುತ್ತದೆ: "ಮಗು ಅತ್ತಿತು, ಮಗು ಮಲಗಿತು" ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಜನನ ನೋಂದಣಿಗೆ 21 ದಿನಗಳ ಅವಕಾಶವಿದೆ. ಹೆಸರನ್ನು ಆಮೇಲೂ ಸೇರಿಸಬಹುದು.

ಬೆಂಗಳೂರಿನಿಂದ, ವಯಸ್ಸು 41

ಕ್ರೋಮೋಸೋಮ್ ವರದಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನಾನು ಹೆಂಗಸು, ನನ್ನ ವರದಿ ಸಾಮಾನ್ಯವಾಗಿ ಗಂಡಸರಲ್ಲಿ ಕಾಣುವ 46 ಎಕ್ಸ್‌ವೈ. ನನ್ನ ದೇಹ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ತಯಾರಿಸುತ್ತಿತ್ತು, ಆದರೆ ಜೀವಕೋಶಗಳಿಗೆ ಅದರ ಗುರುತೇ ಹತ್ತುತ್ತಿರಲಿಲ್ಲ. ಕ್ರೋಮೋಸೋಮ್, ಒಳಗಿನ ಗ್ರಂಥಿ, ಅದು ಸ್ರವಿಸುವ ಹಾರ್ಮೋನು, ಆ ಹಾರ್ಮೋನಿಗೆ ದೇಹದ ಸ್ಪಂದನೆ, ಹೊರಗಿನ ಅಂಗ, ಇವೆಲ್ಲ ಹೆಚ್ಚಿನವರಲ್ಲಿ ಒಂದೇ ಮಾತು ಹೇಳುತ್ತವೆ, ನನ್ನಲ್ಲಿ ಹೇಳಲಿಲ್ಲ. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೋ ಅವರದೂ ಇದೇ ಸ್ಥಿತಿ. 1985ರಲ್ಲಿ ಜಪಾನಿನ ಕೋಬೆಯಲ್ಲಿ ಕ್ರೋಮೋಸೋಮ್ ನೋಡಿ ಅವರನ್ನು ಓಡದಂತೆ ತಡೆದರು. 1988ರಲ್ಲಿ ಮತ್ತೆ ಅನುಮತಿ ಕೊಡಬೇಕಾಯಿತು.

ಹದಿನಾರಾದರೂ ಮುಟ್ಟಾಗಲಿಲ್ಲವೆಂದು ಅಮ್ಮ ಆಸ್ಪತ್ರೆಗೆ ಕರೆದೊಯ್ದಾಗ, ಒಳಗಿದ್ದ ವೃಷಣಗಳನ್ನು ತೆಗೆದು ನನಗೆ "ಗಡ್ಡೆ" ಎಂದರು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬೀರುವಿನ ಸೀರೆಗಳಡಿ ಹಳೆಯ ಫೈಲು ಸಿಕ್ಕಾಗ ನಿಜ ತಿಳಿಯಿತು. ಗ್ರಂಥಿ ತೆಗೆದ ಮೇಲೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ಮಾತ್ರೆ ಬೇಕೇ ಬೇಕು, ಇಲ್ಲವಾದರೆ ಮೂಳೆ ಸವೆಯುತ್ತದೆ. ಯಾಕೆ ಎಂದು ಗೊತ್ತಿಲ್ಲದ ನಾನು ಅದನ್ನು ನಡುವೆ ಬಿಟ್ಟುಬಿಟ್ಟಿದ್ದೆ. ನಿಮ್ಮ ಮಗುವಿನ ಒಂದೊಂದು ಕಾಗದವನ್ನೂ ಜೋಪಾನ ಮಾಡಿ, ತಿಳಿವಳಿಕೆ ಬರುತ್ತಿದ್ದಂತೆ ಅದರ ಕೈಗೇ ಕೊಡಿ.

ಮಕ್ಕಳ ವಾರ್ಡಿನ ನಿವೃತ್ತ ಶುಶ್ರೂಷಕಿ, ಮೈಸೂರು

ಶಸ್ತ್ರಚಿಕಿತ್ಸೆಯ ಬಗ್ಗೆ ಸರ್ಜನ್ ಅವರಿಗೆ ಒಂದೇ ಪ್ರಶ್ನೆ ಹಾಕಿ: ಮೂತ್ರ ಸರಾಗವಾಗಿ ಹೋಗುತ್ತಿದೆಯೇ? ತಡೆ ಇದ್ದರೆ ಮಾಡಲೇಬೇಕು. ನೋಟಕ್ಕಾಗಿ ಮಾತ್ರವಾದರೆ ಆತುರವಿಲ್ಲ. ಜೀವಕ್ಕೆ ಅಪಾಯವಿದ್ದಾಗ ಹೊರತು ಶಿಶುಗಳಿಗೆ ಇಂಥ ಶಸ್ತ್ರಚಿಕಿತ್ಸೆ ಕೂಡದೆಂದು 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿ, ತಮಿಳುನಾಡು ಸರ್ಕಾರ ಆದೇಶವನ್ನೂ ಹೊರಡಿಸಿತು. ಆ ಆದೇಶ ಆ ರಾಜ್ಯದ್ದೇ ಆದರೂ ಮಾತಿಗೆ ಕೂರುವಾಗ ನಿಮಗೆ ಆಧಾರವಾಗುತ್ತದೆ.

ಹಾಸನದ ತಂದೆ

ಸೋಡಿಯಂ ಪರೀಕ್ಷೆ ಆಗಿರಲಿಲ್ಲ. ಈಗಷ್ಟೇ ರಕ್ತ ತೆಗೆದುಕೊಂಡರು. ಬಜೆಯ ಬಟ್ಟಲನ್ನು ಎತ್ತಿಡುವಂತೆ ಅತ್ತೆಯವರಿಗೆ ಹೇಳಿದ್ದೇನೆ.