ಆಯಿಗೆ ಎಷ್ಟು ಗಂಟೆ ಪ್ರಯಾಣ?

ತಂಗಿಯ ಬಾಣಂತನಕ್ಕೆ ಆಯಿ ಜೂನ್‌ನಲ್ಲಿ ದೆಹಲಿ ಮೇಲಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾಳೆ. ನಿನ್ನೆ ರಾತ್ರಿ ನಮ್ಮ ಕಾರವಾರದ ಮನೆ ಗುಂಪಿನಲ್ಲಿ ದೊಡ್ಡಪ್ಪ ಭೂಪಟದ ಮೇಲೆ ಎರಡೂ ಊರಿಗೆ ಗೆರೆ ಎಳೆದ ಒಂದು ಚಿತ್ರ ಹಾಕಿದರು. ಅಲ್ಲಿಂದ ಶುರುವಾಯಿತು.

ದೊಡ್ಡಪ್ಪ: ನೋಡಿ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 12,400 ಕಿ.ಮೀ. ವಿಮಾನದ ವೇಗ ಗಂಟೆಗೆ 900. ಅಂದರೆ ಹದಿಮೂರು ಮುಕ್ಕಾಲು ಗಂಟೆ. ಸುಮ್ನೆ ನಿಮ್ಮ ಆಯಿಯನ್ನು ಹೆದರಿಸಬೇಡಿ.

ಅಕ್ಕ: ನಮ್ಮ ಬೆಂಗಳೂರು ರೈಲಿನಷ್ಟೇ ಆಯ್ತು ಅಲ್ವಾ? ಸಂಜೆ ಹತ್ತಿದರೆ ಬೆಳಿಗ್ಗೆ.

ನಾನು: ಅಲ್ಲ ಅಕ್ಕ. ದೊಡ್ಡಪ್ಪ, ಅದು ಚಕ್ಕೋತದ ಮೇಲೆ ಬಾಳೆನಾರು ಎಳೆದು ಹಿಡಿದ ಹಾಗೆ, ಎರಡು ಊರಿನ ನಡುವಿನ ತೀರಾ ಹತ್ತಿರದ ಗೆರೆ. ವಿಮಾನ ಅದೇ ಗೆರೆ ಮೇಲೆ ಹೋಗುವುದಿಲ್ಲ. ಗಾಳಿ ನೋಡಿಕೊಂಡು ಹೋಗುತ್ತದೆ.

ದೊಡ್ಡಪ್ಪ: ಹತ್ತಿರದ ದಾರಿ ಬಿಟ್ಟು ಸುತ್ತಿ ಹೋಗಲು ಅವರಿಗೇನು ಹುಚ್ಚಾ? ಎಣ್ಣೆ ಖರ್ಚು ಯಾರು ಕೊಡ್ತಾರೆ?

ನಾನು: ಸುತ್ತಿ ಹೋದರೂ ಎಣ್ಣೆ ಉಳಿಯುವುದುಂಟು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಇದೇ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ಹಳೆಯ ದಾರಿಗಿಂತ ಸುಮಾರು 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಮೊದಲಿಗಿಂತ ಎರಡು ಗಂಟೆಯಷ್ಟು ಬೇಗ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಿರುಸು ಗಾಳಿ ಬೀಸುತ್ತದೆ. ಅದು ಬೆನ್ನಿಗೆ ಸಿಕ್ಕಿತು. ನೀವೇ ಹೇಳಿದ್ದಿರಲ್ಲ, ಕಾಳಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ಬಿಟ್ಟರೆ ತಾನೇ ಕಡಲಿಗೆ ಹೋಗುತ್ತದೆ, ಉಬ್ಬರಕ್ಕೆ ಎದುರಾಗಿ ಹುಟ್ಟು ಹಾಕಿದರೆ ತೋಳು ಸೋಲುತ್ತದೆ ಅಂತ. ಅದೇ ಇದು.

ದೊಡ್ಡಪ್ಪ: ಹಾಗಾದರೂ ಹದಿನಾಲ್ಕೂವರೆ ತಾನೇ!

ನಾನು: ಜೂನ್ ಹೊತ್ತಿಗೆ ಆ ಗಾಳಿಗೆ ಅಷ್ಟು ಬಲ ಇರುವುದಿಲ್ಲ.

ಭಾವ: ಟಿಕೆಟ್‌ನಲ್ಲಿ ಬೆಳಗಿನ ಜಾವ 4ಕ್ಕೆ ಹೊರಟು ಅದೇ ದಿನ ಬೆಳಿಗ್ಗೆ 7:30ಕ್ಕೆ ಇಳಿಯುವುದು ಅಂತಿದೆ. ಇದೇನು ಮೂರೂವರೆ ಗಂಟೆ?

ನಾನು: ಜೂನ್‌ನಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ ಭಾವ. ಅದನ್ನು ಕೂಡಿಸಿ. ಹದಿನಾರು. ಅದೂ ಬರೀ ಆಕಾಶದ್ದು. ಇಲ್ಲಿಂದ ಗೋವಾ ನಿಲ್ದಾಣಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ. ಅಲ್ಲಿ ಎರಡು ಗಂಟೆ ಮೊದಲೇ ಇರಬೇಕು. ದೆಹಲಿಗೆ ಎರಡೂವರೆ. ಅಲ್ಲಿ ಕಾಯುವುದು ಐದು. ಇಳಿದ ಮೇಲೆ ಮತ್ತೆ ಸಾಲು. ಮೂವತ್ತು ಗಂಟೆ ಹತ್ತಿರ ಆಗುತ್ತದೆ. ಕಾರವಾರದ ಹೊಸ್ತಿಲಿನಿಂದಲೇ ಲೆಕ್ಕ ಹಾಕೋಣ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದರೇ ಆಯಿಯ ಪಾದ ಊದಿ ಚಪ್ಪಲಿ ಪಟ್ಟಿಯ ಗುರುತು ಬೀಳುತ್ತದೆ. ನಾನು ಕಂಡಿದ್ದೇನೆ. ಹದಿಮೂರು ಗಂಟೆ ಅಂದುಕೊಂಡು ಕೂತವಳಿಗೆ ಆಮೇಲಿನ ಹೊತ್ತು ತುಂಬಾ ಕಷ್ಟ ಆಗುತ್ತದೆ.

ಅಕ್ಕ: ಹಾಗಾದ್ರೆ ಓಡಾಡುವ ದಾರಿ ಪಕ್ಕದ ಸೀಟೇ ಬೇಕು. ಆಗಾಗ ಎದ್ದು ನಡೆಯಬಹುದು.

ಆಯಿ: ನೀವೆಲ್ಲ ಕಿತ್ತಾಡಿ ಮುಗಿಸಿದಿರಾ? ನನ್ನ ಸಕ್ಕರೆ ಮಾತ್ರೆ ಯಾವ ಗಡಿಯಾರ ನೋಡಿ ನುಂಗಬೇಕು?

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ನಾನು: ಅದನ್ನು ಡಾಕ್ಟರೇ ಹೇಳಬೇಕು ಆಯಿ. ನಾಳೆ ಟಿಕೆಟ್ ಹಿಡಿದುಕೊಂಡು ಹೋಗೋಣ. ಎರಡೂ ಊರಿನ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡ್ತೇನೆ.

ದೊಡ್ಡಪ್ಪ: ಅಳಿವೆಯ ಮಾತು ಸರಿ. ಗೋವಾಕ್ಕೆ ಕಾರು ನಾನು ಬಿಡ್ತೇನೆ. ಎರಡೂವರೆ ಗಂಟೆ ಯಾಕೆ ಬೇಕು?